ಬಾಯೊಳಗಿನ ಪೈಪೋಟಿ

ಜೋಗದ ಸೀಮೆಯ ಮಳೆಗೆ ಶೀತ-ಕೆಮ್ಮು ಹಿಡಿದಾಗ, ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ಹುಡುಕಿ ನುಂಗಬೇಡಿ. ಆರೋಗ್ಯವಂತರ ಬಾಯಲ್ಲೂ ಬ್ಯಾಕ್ಟೀರಿಯಾಗಳ ಜೊತೆ ಕ್ಯಾಂಡಿಡಾ ಎಂಬ ಯೀಸ್ಟ್ ಇರಬಹುದು. ಎರಡಕ್ಕೂ ಬೇಕಾದ್ದು ಅದೇ ಸಕ್ಕರೆ, ಅದೇ ಜಾಗ. ಮಾತ್ರೆ ಬ್ಯಾಕ್ಟೀರಿಯಾಗಳನ್ನಷ್ಟೇ ಕೊಲ್ಲುತ್ತದೆ. ಪೈಪೋಟಿ ತಪ್ಪಿದ ಯೀಸ್ಟ್ ಹಬ್ಬಿ ನಾಲಿಗೆ, ಕೆನ್ನೆಯೊಳಗೆ ಬಿಳಿ ಪದರ ಕಟ್ಟಬಹುದು. ಯೀಸ್ಟ್ ಹಬ್ಬದಂತೆ, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಿ.

ಎಲೆ-ಅಡಿಕೆ ಹಾಕುವವರಿಗೆ ಇನ್ನೊಂದು ಮಾತು. ಯೀಸ್ಟಿನ ಪದರ ಸಾಮಾನ್ಯವಾಗಿ ಒರೆಸಿದರೆ ಬರುತ್ತದೆ. ಒರೆಸಿದರೂ ಹೋಗದ ಬಿಳಿ ಕಲೆಯನ್ನು ಹಗುರವಾಗಿ ನೋಡಬೇಡಿ. ಅಡಿಕೆ ನಮ್ಮ ಅನ್ನ, ನಿಜ. ಆದರೆ ಅದನ್ನು ಜಗಿಯುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಕಲೆ ಎರಡು ವಾರ ಉಳಿದರೆ ದಂತವೈದ್ಯರಿಗೆ ತೋರಿಸಿ.