ಕೈಯಿಂದ ಕಟ್ಟುವ ಗಾಳದ ಕೋಲು: ಸ್ವಸಹಾಯ ಸಂಘಗಳಿಗೆ ಒಂದು ಅಧ್ಯಯನ ಪಾಠ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧದ ಅವಧಿ. ಬಲೆಗಳು ದಡ ಸೇರಿದ ಈ ದಿನಗಳಲ್ಲಿಯೇ ಗಾಳದ ಕೋಲುಗಳು ಮನೆಯಿಂದ ಹೊರಬರುತ್ತವೆ. ಭಟ್ಕಳದ ವೆಂಕಟಾಪುರ ಹೊಳೆಯ ಅಳಿವೆ, ಹೊನ್ನಾವರದ ಶರಾವತಿ ದಂಡೆ, ಕುಮಟಾದ ಅಘನಾಶಿನಿ ಗಜನಿಗಳ ಕಟ್ಟೆ, ಎಲ್ಲಿ ನೋಡಿದರೂ ಕೊಡೆಯ ಕೆಳಗೆ ಕೋಲು ಹಿಡಿದು ಕುಳಿತವರು ಕಾಣುತ್ತಾರೆ. ಒಂದು ತಲೆಮಾರಿನ ಹಿಂದೆ ಆ ಕೋಲುಗಳೆಲ್ಲ ಬಿದಿರಿನವು, ಮನೆಯಲ್ಲಿಯೇ ಸಿದ್ಧವಾದವು. ಈಗ ಹೆಚ್ಚಿನವು ಪೇಟೆಯಿಂದ ಕೊಂಡ ಫೈಬರ್ ಕೋಲುಗಳು. ಆದರೂ ತಮ್ಮ ಕೈಗೆ ಒಪ್ಪುವಂತೆ ಕಟ್ಟಿಸಿಕೊಳ್ಳಬೇಕೆಂದು ಬಿದಿರಿನ ಕೋಲನ್ನು ಕೇಳಿಕೊಂಡು ಬರುವವರು ಇದ್ದಾರೆ. ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗರಲ್ಲಿಯೂ ಅಂಥವರಿದ್ದಾರೆ.

ಈ ಪಾಠಕ್ಕೆ ಕಾರಣವಾದದ್ದು ಒಂದು ಸೋಲು. ನಾನು ಕೆಲಸ ಮಾಡುವ ಗ್ರಾಮ ಪಂಚಾಯತಿಯ ಮಹಿಳಾ ಸ್ವಸಹಾಯ ಸಂಘವೊಂದು ಹದಿನಾಲ್ಕು ಬಿದಿರಿನ ಕೋಲುಗಳನ್ನು ತಯಾರಿಸಿ ಮಾರಿತು. ಬುಡದಿಂದ ತುದಿಯವರೆಗೆ ಬಣ್ಣ, ಬಣ್ಣದ ಮೇಲೆ ಹೂಬಳ್ಳಿ. ನೋಡಲು ಬಹಳ ಚೆನ್ನಾಗಿದ್ದವು. ಎರಡು ತಿಂಗಳೊಳಗೆ ಒಂಬತ್ತು ಕೋಲುಗಳು ಹಿಂದಿರುಗಿದವು. ಆರು ಕೋಲುಗಳು ಬಾಗಿದವು ಮತ್ತೆ ನೇರವಾಗಿರಲಿಲ್ಲ. ಮೂರರಿಂದ ಹಿಟ್ಟು ಉದುರುತ್ತಿತ್ತು. ಸದಸ್ಯೆಯರು ಸಾಮಗ್ರಿಯನ್ನು ಸಂಘದ ಸಾಲದಲ್ಲಿ ಕೊಂಡಿದ್ದರು. ಗಿರಾಕಿಗಳಿಗೆ ಹಣ ಮರಳಿಸಿದ ಮೇಲೆ ಸಾಲದ ಕಂತು ತಪ್ಪಬಾರದೆಂದು ಇಬ್ಬರು ಗೇರುಬೀಜ ಕಾರ್ಖಾನೆಗೆ ಕೂಲಿಗೆ ಹೋದರು. ಮೈತುಂಬ ಬಣ್ಣ ಹಚ್ಚಿದರೆ ಮಾರಾಟ ಸುಲಭವೆಂದು ಸಲಹೆ ನೀಡಿದವನು ನಾನೇ.

ಹಿಂದಿರುಗಿದ ಕೋಲೊಂದನ್ನು ತೆಂಗಿನಗುಂಡಿಯ ವೃದ್ಧ ಮೀನುಗಾರರೊಬ್ಬರಿಗೆ ತೋರಿಸಿದೆ. ಅವರು ಉಗುರಿನಿಂದ ಬಣ್ಣವನ್ನು ಕೆರೆದು ನೋಡಿ, “ಸಾಹೇಬ್ರೆ, ಸಿಪ್ಪೆ ತೆಗೆದು ಬಣ್ಣ ಹಾಕಿದ್ರೆ ಬಿದಿರಲ್ಲಿ ಮತ್ತೆಂತ ಉಳೀತು?” ಎಂದರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಾಗಿತ್ತು.

ಬಣ್ಣ ಹಿಡಿಯಲೆಂದು ನಾವು ಬಿದಿರಿನ ಹೊಳಪಿನ ಹೊರಮೈಯನ್ನು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದಿದ್ದೆವು. ಬಿದಿರಿನ ಗೋಡೆಯಲ್ಲಿ ಬಲ ಕೊಡುವ ನಾರುಗಳು ಹೊರಮೈಯತ್ತ ಒತ್ತಾಗಿಯೂ ಒಳಮೈಯತ್ತ ವಿರಳವಾಗಿಯೂ ಇರುತ್ತವೆ. ಆದುದರಿಂದ ಹೊರಗಿನಿಂದ ಉಜ್ಜಿದಾಗ ಮೊದಲು ಹೋಗುವುದೇ ಅತ್ಯಂತ ಗಟ್ಟಿಯಾದ ಪದರ. ಇದರ ಮೇಲೆ ಅಳತೆಯ ಲೆಕ್ಕವೊಂದಿದೆ. ದುಂಡಾದ ಗಟ್ಟಿ ಕೋಲಿನ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರಿಳಿಯುತ್ತದೆ. 20 ಮಿಲಿಮೀಟರ್ ದಪ್ಪದ ಕೋಲನ್ನು ಉಜ್ಜಿ 18ಕ್ಕೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಆದರೆ ಬಿಗುವಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೋಗುತ್ತದೆ. ತುದಿಯಲ್ಲಿ 8 ಮಿಲಿಮೀಟರ್ 7 ಆದರೆ ನಷ್ಟ ನೂರಕ್ಕೆ 40ನ್ನು ಮೀರುತ್ತದೆ. ಗಟ್ಟಿ ನಾರೇ ಹೋಗಿರುವುದರಿಂದ ಬಿದಿರಿನಲ್ಲಿ ನಿಜವಾದ ನಷ್ಟ ಈ ಲೆಕ್ಕಕ್ಕಿಂತಲೂ ಹೆಚ್ಚು.

ನಮ್ಮ ಬಿದಿರಿಗೆ ಯೋಗ್ಯತೆಯಿಲ್ಲವೆಂದು ಇದರಿಂದ ಯಾರೂ ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಕುಶಲಕರ್ಮಿಗಳು ಬಿದಿರನ್ನು ಸೀಳಿ, ಆರು ಸೀಳುಗಳನ್ನು ಅಂಟಿಸಿ ಷಟ್ಕೋನಾಕಾರದ ಗಾಳದ ಕೋಲುಗಳನ್ನು ಮಾಡತೊಡಗಿದಾಗ ಮೊದಲು ಬಳಸಿದ್ದು ಭಾರತದಿಂದ ಹೋದ ‘ಕಲ್ಕತ್ತಾ ಕೇನ್’ ಎಂಬ ಬಿದಿರನ್ನು. ಅದು ನಮ್ಮ ಹಳಿಯಾಳ, ಮುಂಡಗೋಡಗಳ ಒಣ ಕಾಡುಗಳಲ್ಲಿಯೂ ಬೆಳೆಯುವ ಕಿರುಬಿದಿರಿನ ಜಾತಿಯದು. ಚೀನಾದ ಟೊಂಕಿನ್ ಬಿದಿರು ಅದರ ಸ್ಥಾನವನ್ನು ಪಡೆದದ್ದು ಅನಂತರ. ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ಹೆಸರಾಂತ ಇಂಗ್ಲಿಷ್ ಗ್ರಂಥವಾದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಅದರ ಕರ್ತೃ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದವರು. ಅಂದರೆ ಈ ವಿದ್ಯೆಗೆ ನಮ್ಮ ಕರಾವಳಿ ಹೊಸದಲ್ಲ.

ಬಿದಿರಿನ ಆಯ್ಕೆ ಮತ್ತು ಹದ

ನಮ್ಮ ಮೂರು ತಾಲೂಕುಗಳಿಗೆ ಅತ್ಯಂತ ಅನುಕೂಲವಾದುದು ಮಾರಿಹಾಳ ಬಿದಿರು. ಇದಕ್ಕೆ ಮುಳ್ಳಿಲ್ಲ, ಒಳಗೆ ಟೊಳ್ಳು ಬಹಳ ಕಡಿಮೆ, ಬೇಲಿಯಂಚಿನಲ್ಲಿಯೂ ಬೆಳೆಯುತ್ತದೆ. ಮುಳ್ಳಿನ ಹೆಬ್ಬಿದಿರು ಏಣಿಗೆ, ಚಪ್ಪರಕ್ಕೆ ಸರಿ. ಗಾಳದ ಕೋಲಿಗೆ ಭಾರವಾಗುತ್ತದೆ. ವಾಟೆಯ ಗೋಡೆ ತೆಳು, ಮೀನು ಎಳೆದೊಡನೆ ಸೀಳುತ್ತದೆ.

ಮೂರು ಅಥವಾ ನಾಲ್ಕು ವರ್ಷದ ಗಳಗಳನ್ನು ಮಾತ್ರ ಕಡಿಯಬೇಕು. ಎಳೆಯ ಗಳಕ್ಕೆ ಇನ್ನೂ ಹಾಳೆ ಅಂಟಿಕೊಂಡಿರುತ್ತದೆ. ಬಲಿತ ಗಳದ ಮೇಲೆ ಬಿಳಿ ಬೂದು ಮಚ್ಚೆಗಳಿರುತ್ತವೆ, ಕತ್ತಿಯ ಹಿಂಬದಿಯಿಂದ ತಟ್ಟಿದರೆ ಸ್ಪಷ್ಟವಾದ ಸದ್ದು ಬರುತ್ತದೆ. ಕಡಿಯುವ ಕಾಲ ಮಳೆ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ. ಕಳಲೆ ಏಳುವ ಮಳೆಗಾಲದಲ್ಲಿ ಕಡಿಯಲೇಬಾರದು. ಅಮಾವಾಸ್ಯೆಯ ಹತ್ತಿರ ಕಡಿದ ಬಿದಿರಿಗೆ ಕುಟ್ಟೆ ಹಿಡಿಯದೆಂದು ಹಿರಿಯರು ಹೇಳುತ್ತಾರೆ. ತಿಥಿಗಿಂತ ಋತು ಮುಖ್ಯವೆಂಬುದು ನನ್ನ ಅಭಿಪ್ರಾಯ. ಆದರೂ ಈ ಬಾರಿ ಎರಡನ್ನೂ ಪಾಲಿಸಿದೆವು; ಅದರಿಂದ ಖರ್ಚೇನೂ ಹೆಚ್ಚಲಿಲ್ಲ.

ಕುಟ್ಟೆ ಹುಳು ಬಿದಿರಿಗೆ ಬರುವುದು ಅದರಲ್ಲಿರುವ ಪಿಷ್ಟವನ್ನು ತಿನ್ನಲು. ಆದುದರಿಂದ ಪಿಷ್ಟವನ್ನು ತೊಳೆಯುವುದೇ ಮೊದಲ ಚಿಕಿತ್ಸೆ. ಕಡಿದ ಗಳಗಳನ್ನು ಹರಿಯುವ ಹಳ್ಳದಲ್ಲಿ ಕಲ್ಲು ಹೇರಿ ಮೂರು ವಾರ ಮುಳುಗಿಸಿಡಬೇಕು. ಬಳಿಕ 100 ಲೀಟರ್ ನೀರಿಗೆ 3 ಕಿಲೋ ಬಿಳಿಗಾರ ಮತ್ತು 2 ಕಿಲೋ ಬೋರಿಕ್ ಆಮ್ಲ ಕರಗಿಸಿ, ಆ ದ್ರಾವಣದಲ್ಲಿ ಕನಿಷ್ಠ ಒಂದು ವಾರ ನೆನೆಸಬೇಕು. ಉಳಿದ ದ್ರಾವಣವನ್ನು ತೋಟಕ್ಕಾಗಲಿ ಗಜನಿಗಾಗಲಿ ಚೆಲ್ಲಬಾರದು, ಬೆಳೆಗೆ ಹಾನಿ. ಮುಚ್ಚಿಟ್ಟರೆ ಮುಂದಿನ ಕಂತಿನ ಬಿದಿರಿಗೆ ಬರುತ್ತದೆ. ಆಮೇಲೆ ನೆರಳಿನಲ್ಲಿ, ನಿಲ್ಲಿಸಿದ ಸ್ಥಿತಿಯಲ್ಲಿ, ಎರಡು ತಿಂಗಳಿಗೆ ಕಡಿಮೆಯಿಲ್ಲದಂತೆ ಒಣಗಬೇಕು. ನಾವು ಮೊದಲ ಸಲ ಹನ್ನೆರಡು ದಿನಕ್ಕೇ ಅವಸರಪಟ್ಟೆವು. ಹಿಟ್ಟು ಉದುರಿದ ಮೂರು ಕೋಲುಗಳ ಕಥೆ ಇಷ್ಟೇ.

ಡೊಂಕನ್ನು ಕೆಂಡದ ಮೇಲೆ ಗೆಣ್ಣಿನ ಬಳಿ ಬಿಸಿ ಮಾಡಿ, ಮೊಣಕಾಲಿಗೆ ಆನಿಸಿ ತಿದ್ದಬಹುದು. ಕಪ್ಪಾಗುವಷ್ಟು ಸುಡಬಾರದು. ಗೆಣ್ಣಿನ ಉಬ್ಬನ್ನು ಸಮ ಮಾಡಲು ಅರವನ್ನು ಉಬ್ಬಿನ ಮೇಲೆ ಮಾತ್ರ ಆಡಿಸಬೇಕು, ಗೆಣ್ಣುಗಳ ನಡುವಿನ ಮೈಯನ್ನು ಮುಟ್ಟಬಾರದು.

ಕೋಲಿನ ಬೆನ್ನು

ಒಣಗಿದ ಪ್ರತಿ ಕೋಲಿಗೂ ತನ್ನದೇ ಆದ ಒಂದು ‘ಬೆನ್ನು’ ಇರುತ್ತದೆ, ಅಂದರೆ ಉಳಿದ ದಿಕ್ಕುಗಳಿಗಿಂತ ಹೆಚ್ಚು ಬಿಗುವಿರುವ ಒಂದು ಪಕ್ಕ. ಬುಡವನ್ನು ನೆಲಕ್ಕಿಟ್ಟು, ತುದಿಯನ್ನು ಒಂದು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನಡುವನ್ನು ಒತ್ತಿ ಬಾಗಿಸುತ್ತ ಉರುಳಿಸಿದರೆ ಕೋಲು ತಾನಾಗಿ ಹೊರಳಿ ಒಂದು ಸ್ಥಿತಿಯಲ್ಲಿ ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ನೂಲು ಹಾಯುವ ಉಂಗುರಗಳನ್ನು ಆ ಗೆರೆಯ ಮೇಲೆ ಕೂರಿಸಬೇಕು. ಇಲ್ಲವಾದರೆ ಮೀನು ಎಳೆದಾಗ ಕೋಲು ಕೈಯಲ್ಲಿ ತಿರುಚುತ್ತದೆ. ಕೋಲು ಎಷ್ಟು ಅಡಿಯೋ ಅಷ್ಟು ಉಂಗುರ, ಮೇಲೆ ಒಂದು ತುದಿಬಳೆ. ತುದಿಯತ್ತ ಹೋದಂತೆ ಉಂಗುರಗಳ ಅಂತರ ಕಿರಿದಾಗಬೇಕು.

ಉಂಗುರವನ್ನು ಕೋಲಿಗೆ ಹಿಡಿಸುವುದು ನೂಲಿನ ಸುತ್ತು. ಅಲಂಕಾರಕ್ಕೆ ಯೋಗ್ಯವಾದ ಸ್ಥಳವೂ ಇದೇ. ಇಲ್ಲಿ ಸುತ್ತಿದ ನೂಲು ಕೋಲಿನಿಂದ ಏನನ್ನೂ ತೆಗೆಯುವುದಿಲ್ಲ, ಬದಲಾಗಿ ಸೀಳದಂತೆ ಬಿಗಿಯುತ್ತದೆ. ಸುತ್ತು ಬರುವ ಒಂದೆರಡು ಅಂಗುಲದ ಹೊಳಪನ್ನು ನಯವಾದ ಪಾಲಿಶ್ ಪೇಪರಿನಿಂದ ಎರಡು ಬಾರಿ ಒರೆಸಿದರೆ ಸಾಕು. ಉಂಗುರದ ಪಾದದ ಅಂಚನ್ನು ಅರದಿಂದ ಇಳಿಜಾರು ಮಾಡಿದರೆ ನೂಲು ಸಲೀಸಾಗಿ ಹತ್ತುತ್ತದೆ.

ಸುತ್ತನ್ನು ಗಂಟು ಹಾಕಿ ಆರಂಭಿಸಬಾರದು. ನೂಲಿನ ಕೊನೆಯನ್ನು ಕೋಲಿನ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಆರು ಸುತ್ತು ಬಿಗಿಯಾಗಿ ಹಾಕಿ, ಹೊರಗುಳಿದ ಕೊನೆಯನ್ನು ಕತ್ತರಿಸಬೇಕು. ಮುಂದಿನ ಪ್ರತಿ ಸುತ್ತೂ ಹಿಂದಿನದಕ್ಕೆ ತಾಗಿಯೇ ಕೂರಬೇಕು. ಮುಗಿಯಲು ಏಳೆಂಟು ಸುತ್ತು ಉಳಿದಾಗ ಬೇರೆ ನೂಲಿನ ಒಂದು ಕುಣಿಕೆಯನ್ನು ಸುತ್ತಿನ ಕೆಳಗೆ ಇಟ್ಟು, ಉಳಿದ ಸುತ್ತುಗಳನ್ನು ಅದರ ಮೇಲೆ ಹಾಕಿ, ನೂಲಿನ ಕೊನೆಯನ್ನು ಕುಣಿಕೆಯೊಳಗೆ ತೂರಿಸಿ ಎಳೆದರೆ ಅದು ಸುತ್ತಿನ ಅಡಿಯಲ್ಲಿ ಅಡಗುತ್ತದೆ. ನೂಲಿನ ಎಳೆತ ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿರಬೇಕು. ಇದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು. ಭಟ್ಕಳ ಮಲ್ಲಿಗೆಯನ್ನು ಬಾಲ್ಯದಿಂದ ಕಟ್ಟಿದ ಸದಸ್ಯೆಯೊಬ್ಬರು ಒಂದೇ ಮಧ್ಯಾಹ್ನದಲ್ಲಿ ಕಲಿತರು. ಹೂ ಕಟ್ಟುವ ಬೆರಳಿಗೆ ನೂಲಿನ ಎಳೆತ ಮೊದಲೇ ಗೊತ್ತಿರುತ್ತದೆ. ಸಂಘಗಳು ಈ ಕೆಲಸಕ್ಕೆ ಸದಸ್ಯರನ್ನು ಆರಿಸುವಾಗ ಇದನ್ನು ಗಮನಿಸಬೇಕು.

ಸುತ್ತಿನ ಮೇಲೆ ಎಪಾಕ್ಸಿ ಲೇಪ. ಎರಡು ದ್ರವಗಳನ್ನು ತಯಾರಕರು ಸೂಚಿಸಿದ ಪ್ರಮಾಣದಲ್ಲಿ, ಕಣ್ಣಳತೆಯಿಂದಲ್ಲದೆ ಸಿರಿಂಜಿನಿಂದ ಅಳೆದು ಬೆರೆಸಬೇಕು; ಕೈಗವಸು ಧರಿಸಬೇಕು. ಮಳೆಗಾಲದ ತೇವದಲ್ಲಿ ಲೇಪ ಅಂಟಂಟಾಗಿ ಉಳಿಯುವುದರಿಂದ ಈ ಹಂತವನ್ನು ಬೇಸಿಗೆಯಲ್ಲಿಯೇ ಮುಗಿಸುವುದು ಲೇಸು. ಲೇಪವು ಒಂದು ಬದಿಗೆ ಇಳಿಯದಂತೆ ಕೋಲನ್ನು ಗಟ್ಟಿಯಾಗುವವರೆಗೆ ಮೆಲ್ಲನೆ ತಿರುಗಿಸುತ್ತಿರಬೇಕು. ಮೊದಲು ಮನೆಯ ಮಕ್ಕಳು ಸರದಿಯಲ್ಲಿ ತಿರುಗಿಸಿದರು. ಈಗ ಹಾಳಾದ ಮೈಕ್ರೊವೇವ್ ಒಲೆಯ ತಟ್ಟೆ ತಿರುಗಿಸುವ ಸಣ್ಣ ಮೋಟಾರು ಬಳಸುತ್ತೇವೆ. ಅದರ ಮೇಲೆ ಬರೆದಿರುವ ವೋಲ್ಟೇಜನ್ನು ಓದದೆ ಮನೆಯ ಪ್ಲಗ್ಗಿಗೆ ಜೋಡಿಸಬಾರದು.

ಲೇಪ ಹೀರಿದ ನೈಲಾನ್ ನೂಲಿನ ಬಣ್ಣ ಗಾಢವಾಗುತ್ತದೆ, ಬಿಳಿ ನೂಲು ಅರೆಪಾರದರ್ಶಕವಾಗಿ ಮಾಸುತ್ತದೆ. ತುಂಡು ಬಿದಿರಿನ ಮೇಲೆ ಪರೀಕ್ಷಿಸಿಯೇ ಬಣ್ಣ ಆರಿಸಬೇಕು. ವಿನ್ಯಾಸಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಹಳೆಯ ದೇವಾಲಯಗಳ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಕೊರೆದ ಕಾವಿ ಕಲೆಯಿದೆ. ಹೊನ್ನಾವರದಲ್ಲಿ ಜನಿಸಿದ ಡಾ. ಕೃಷ್ಣಾನಂದ ಕಾಮತರು ಅದನ್ನು ಶ್ರಮಪಟ್ಟು ದಾಖಲಿಸಿದ್ದಾರೆ. ಅದರ ಅಂಚುಪಟ್ಟಿಗಳಲ್ಲಿ ಕಾಣುವ ಗೆರೆ ಮತ್ತು ಚೌಕಗಳು ಕೆಂಪು, ಬಿಳಿ ನೂಲಿನ ಸುತ್ತಿಗೆ ಚೆನ್ನಾಗಿ ಒಪ್ಪುತ್ತವೆ. ಹೂಬಳ್ಳಿ ಬೇಕೇಬೇಕೆನ್ನುವವರಿಗೆ ಅದನ್ನು ಹಿಡಿಯ ಮರದ ಮೇಲೆ ಬಿಡಿಸಿಕೊಡಬಹುದು, ಆ ಭಾಗ ಬಾಗುವುದಿಲ್ಲ.

ಗಿರಾಕಿಯನ್ನು ಮೊದಲು ಕೇಳಬೇಕಾದದ್ದು ಬಣ್ಣವನ್ನಲ್ಲ, ಎಲ್ಲಿ ನಿಂತು ಗಾಳ ಹಾಕುತ್ತಾರೆಂಬುದನ್ನು. ಗಜನಿಯ ಜಂತ್ರಡಿಯ ಬಳಿ ಕುರುಡಿ ಮೀನಿಗೆ ಕಾಯುವವರಿಗೆ ಗಿಡ್ಡ, ಬಿಗುವಾದ ಕೋಲು ಬೇಕು. ದೋಣಿಯಲ್ಲಿ ಕುಳಿತವರಿಗೆ ಆರೇಳು ಅಡಿ ಸಾಕು. ಬಂಡೆಯ ಮೇಲೆ ನಿಲ್ಲುವವರು ಹತ್ತು ಹನ್ನೆರಡು ಅಡಿ ಕೇಳುತ್ತಾರೆ. ಹಿಡಿಯ ಉದ್ದಕ್ಕೆ ಅವರ ಮೊಣಕೈಯಿಂದ ಮುಷ್ಟಿಯವರೆಗೆ ಅಳೆಯಬೇಕು. ಪೇಟೆಯ ಕೋಲಿಗೆ ಈ ಅಳತೆ ಸಿಗುವುದಿಲ್ಲ, ನಾವು ಹೆಚ್ಚಿನ ಬೆಲೆ ಕೇಳಬಹುದಾದದ್ದು ಇದಕ್ಕಾಗಿಯೇ.

ಒಂದು ಎಚ್ಚರಿಕೆಯನ್ನು ಪ್ರತಿ ಕೋಲಿನೊಂದಿಗೆ ಬರೆದುಕೊಡಬೇಕು. ಗಜನಿ ಕಟ್ಟೆಗಳ ಮೇಲೆ ಹಲವೆಡೆ ವಿದ್ಯುತ್ ತಂತಿಗಳು ಹಾದುಹೋಗುತ್ತವೆ. ಕಾರ್ಬನ್ ಕೋಲು ವಿದ್ಯುತ್ತನ್ನು ಹರಿಸುತ್ತದೆ. ಬಿದಿರು ಸುರಕ್ಷಿತವೆಂದು ತಿಳಿಯುವುದೂ ತಪ್ಪು, ಉಪ್ಪುನೀರಿನಲ್ಲಿ ಒದ್ದೆಯಾದ ಬಿದಿರೂ ಹರಿಸುತ್ತದೆ. ತಂತಿಯ ಕೆಳಗೆ ಯಾವ ಕೋಲನ್ನೂ ಎತ್ತಬಾರದು. ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ಕಟ್ಟೆಯಿಂದ ಇಳಿಯಬೇಕು.

ಬಿದಿರನ್ನು ಸದಸ್ಯರ ಸ್ವಂತ ಜಮೀನಿನಿಂದ ಪಡೆಯುವುದು ಉತ್ತಮ. 2017ರಲ್ಲಿ ಕೇಂದ್ರದ ಭಾರತೀಯ ಅರಣ್ಯ ಕಾಯ್ದೆಯ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ‘ಮರ’ದ ವ್ಯಾಖ್ಯೆಯಿಂದ ಹೊರಬಂದಿದೆ. ಆದರೆ ನಮ್ಮ ರಾಜ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಇರುವುದರಿಂದ ಸಾಗಾಟಕ್ಕೆ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆಯಬೇಕು.

ಹಿಂದಿರುಗಿದ ಒಂಬತ್ತು ಕೋಲುಗಳಲ್ಲಿ ಹುಳು ಹಿಡಿದ ಮೂರನ್ನು ಸುಟ್ಟೆವು. ಉಳಿದ ಆರರ ಬುಡದ ಭಾಗವನ್ನು ಕತ್ತರಿಸಿ ಹಿಡಿಗಳಿಗೆ ಬಳಸಲು ಇಟ್ಟುಕೊಂಡಿದ್ದೇವೆ. ಈ ಸಲ ಕಡಿದ ಇಪ್ಪತ್ತು ಗಳಗಳು ಈಗ ಹಳ್ಳದ ನೀರಿನಲ್ಲಿವೆ, ಮುಳುಗಿಸಿದ ದಿನಾಂಕದ ಚೀಟಿ ಸಂಘದ ಪುಸ್ತಕದಲ್ಲಿದೆ. ಅವು ಮೇಲೆ ಬಂದು ಒಣಗುವವರೆಗೆ ಸಂಘವು ಯಾರಿಂದಲೂ ಮುಂಗಡ ಪಡೆಯದೆಂದು ಸಭೆಯಲ್ಲಿ ಠರಾವು ಆಗಿದೆ.