ಗಂಡು ಬೆಕ್ಕಿನ ಗೋಡೆ ಉಚ್ಚೆ: ಆಪರೇಷನ್ ಮಾಡಿಸಿದರೆ ನಿಲ್ಲುತ್ತದೆಯೇ?

ಚೆನ್ನೈನ ಫ್ಲಾಟುಗಳಲ್ಲಿ ಗಂಡು ಬೆಕ್ಕು ಸಾಕಿದವರ ಗೋಳು ಸಾಮಾನ್ಯವಾಗಿ ಮರಿಗೆ ಆರೇಳು ತಿಂಗಳು ತುಂಬುವ ಹೊತ್ತಿಗೆ ಶುರುವಾಗುತ್ತದೆ. ಪರದೆ, ಫ್ರಿಜ್ಜಿನ ಬದಿ, ಚಪ್ಪಲಿ ಸ್ಟ್ಯಾಂಡು, ಕೆಳಗೆ ಪಾರ್ಕಿಂಗಿನಲ್ಲಿ ಪಕ್ಕದ ಮನೆಯವರ ಸ್ಕೂಟರ್ ಸೀಟು, ಎಲ್ಲದಕ್ಕೂ ಅದೇ ಕಮಟು. ಆಪರೇಷನ್ ಮಾಡಿಸಿದರೆ ನಿಲ್ಲುತ್ತದೆಯೇ? ಬಹುಪಾಲು ಬೆಕ್ಕುಗಳಲ್ಲಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಹಾರ್ಟ್ ಮತ್ತು ಬ್ಯಾರೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳೆದ ಮೇಲೆ ಬೀಜ ತೆಗೆಸಿಕೊಂಡ ಗಂಡು ಬೆಕ್ಕುಗಳ ಪೈಕಿ ಶೇ 78ರಷ್ಟು ಬೇಗನೆ, ಇನ್ನು ಶೇ 9ರಷ್ಟು ನಿಧಾನವಾಗಿ ಈ ಚಾಳಿ ಬಿಟ್ಟವು. ಮಿಕ್ಕ ಬೆಕ್ಕುಗಳ ವಿಷಯ ಕೊನೆಗೆ ನೋಡೋಣ.

ಮೊದಲು ನೋಡಬೇಕಾದ್ದು: ನಿಂತೋ, ಕೂತೋ?

ಬೆಕ್ಕು ಗೋಡೆಗೆ ಬೆನ್ನು ಹಾಕಿ ನಿಂತು, ಬಾಲ ನೆಟ್ಟಗೆ ಎತ್ತಿ ತುದಿ ನಡುಗಿಸುತ್ತಾ, ಸ್ವಲ್ಪವೇ ಹಾರಿಸಿದರೆ ಅದು ಗಡಿ ಗುರುತು. ಆಪರೇಷನ್‌ನಿಂದ ಗುಣ ಕಾಣುವುದು ಇದಕ್ಕೆ. ಹಾಸಿಗೆ, ಕಾಲೊರಸು, ನೆಲದ ಮೇಲೆ ಕೂತು ದೊಡ್ಡ ಮಡುವೇ ಮಾಡುತ್ತಿದ್ದರೆ ಕಾರಣ ಬೇರೆ: ಮರಳಿನ ಟ್ರೇ ಗಲೀಜಾಗಿರಬಹುದು, ಮೂತ್ರಕೋಶದಲ್ಲಿ ಉರಿಯಿರಬಹುದು. ಪದೇ ಪದೇ ಟ್ರೇಗೆ ಹೋಗಿ ತಿಣುಕುತ್ತಿದೆ, ನರಳುತ್ತಿದೆ, ಹನಿಯೂ ಬರುತ್ತಿಲ್ಲ ಎಂದಾದರೆ ಮರುದಿನದವರೆಗೆ ಕಾಯಲೇಬೇಡಿ. ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು, ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಆಗ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ಯಾವಾಗ, ಎಲ್ಲಿ?

ಐದಾರು ತಿಂಗಳು, ಅಂದರೆ ಚಾಳಿ ಹತ್ತುವ ಮೊದಲೇ ಮಾಡಿಸುವುದು ಒಳ್ಳೆಯದು. ದೊಡ್ಡ ಬೆಕ್ಕಿಗೂ ಮಾಡಿಸಬಹುದು. ಬೆದೆಯ ಸೀಸನ್ ಮುಗಿದರೆ ತಾನೇ ನಿಲ್ಲುತ್ತದೆ ಎಂದು ಕಾಯುವವರಿದ್ದಾರೆ. ಚಳಿದೇಶಗಳಲ್ಲಿ ಆ ಮಾತಿಗೆ ಅರ್ಥವಿದೆ, ಅಲ್ಲಿ ಹಗಲು ಉದ್ದವಾದಾಗ ಮಾತ್ರ ಹೆಣ್ಣು ಬೆಕ್ಕು ಬೆದೆಗೆ ಬರುತ್ತದೆ. ಚೆನ್ನೈನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆಯಷ್ಟೇ. ಇಲ್ಲಿ ಸೀಸನ್ ಮುಗಿಯುವುದೇ ಅಪರೂಪ.

ವೇಪೇರಿಯಲ್ಲಿ 1903ರಿಂದ ನಡೆಯುತ್ತಿರುವ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಗಿಂಡಿಯಲ್ಲಿ ಬ್ಲೂ ಕ್ರಾಸ್ ಇದೆ. 1959ರಲ್ಲಿ ಹುಟ್ಟಿದ ಈ ಸಂಸ್ಥೆ 1964ರಲ್ಲೇ ಬೀದಿನಾಯಿಗಳ ಸಂತಾನಹರಣ ಆರಂಭಿಸಿತು. ಬಡಾವಣೆಗಳಲ್ಲಿ ಖಾಸಗಿ ಕ್ಲಿನಿಕ್ಕುಗಳೂ ಸಾಕಷ್ಟಿವೆ. ಎಲ್ಲಿಗೇ ಹೋಗಿ, ಬೆಕ್ಕಿನ ಆಪರೇಷನ್ ಯಾವ ದಿನ, ಖರ್ಚೆಷ್ಟು ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ. ತಮಿಳು ಅಷ್ಟಾಗಿ ಬಾರದವರು ‘ಕರುತ್ತಡೈ’ ಎಂದರೆ ಸಾಕು, ಕೌಂಟರಿನವರಿಗೆ ತಿಳಿಯುತ್ತದೆ. ಲಸಿಕೆಗಳು ಆಗಿರಲಿ. ವಯಸ್ಸಾದ ಬೆಕ್ಕಾದರೆ ರಕ್ತಪರೀಕ್ಷೆಗೆ ಹಣ ಉಳಿಸಲು ಹೋಗಬೇಡಿ.

ಆ ದಿನ, ಆಮೇಲಿನ ದಿನಗಳು

ಎಷ್ಟು ಹೊತ್ತು ಊಟ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ, ಮರಿಗಳಿಗೆ ಉಪವಾಸ ಕಡಿಮೆ. ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳದ್ದು, ಎಷ್ಟೋ ಸಲ ಹೊಲಿಗೆಯೂ ಇರುವುದಿಲ್ಲ. ಮನೆಗೆ ಬಂದ ಮೇಲೆ ನೆಕ್ಕದಂತೆ ಕೊರಳಿಗೆ ಕಾಲರ್ ಹಾಕಿ. ಒಂದು ವಾರ ಟ್ರೇಯಲ್ಲಿ ಮರಳಿನ ಬದಲು ಹರಿದ ಪೇಪರ್ ಇರಲಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಟ್ಟೀರಿ ಜೋಕೆ, ಬೆಕ್ಕಿಗೆ ಅದು ವಿಷ.

ಹಾರ್ಮೋನು ಬೇಗ ಇಳಿಯುತ್ತದೆ, ಚಾಳಿ ಇಳಿಯಲು ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ಆಪರೇಷನ್ ಆದ ಮೇಲೂ ಕೆಲವು ವಾರ ಗಂಡು ಬೆಕ್ಕು ಅಪ್ಪನಾಗಬಲ್ಲದು, ಮನೆಯಲ್ಲಿ ಹೆಣ್ಣಿದ್ದರೆ ಬೇರೆ ಕೋಣೆಯಲ್ಲಿಡಿ. ವಾಸನೆಯ ಘಾಟು ಮಾತ್ರ ಖಂಡಿತ ತಗ್ಗುತ್ತದೆ. ಆ ಘಾಟಿಗೆ ಮೂಲ ಫೆಲಿನೈನ್ ಎಂಬ ಗಂಧಕವಿರುವ ಅಮೈನೋ ಆಮ್ಲ. ಟೆಸ್ಟೊಸ್ಟೆರಾನ್ ಇಳಿದಂತೆ ಅದೂ ಇಳಿಯುತ್ತದೆ. ಹಸಿವು ಹೆಚ್ಚಿ ಮೈ ಬರುವುದುಂಟು, ಊಟದ ಅಳತೆ ತುಸು ತಗ್ಗಿಸಿ.

ಫಿನಾಯಿಲ್ ಬೇಡವೇ ಬೇಡ

ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ವಾಸನೆ ಉಳಿದ ಜಾಗಕ್ಕೆ ಬೆಕ್ಕು ಮರಳಿ ಬರುತ್ತದೆ. ಆ ವಾಸನೆ ಓಡಿಸಲು ಫಿನಾಯಿಲ್, ಡೆಟಾಲ್ ಸುರಿಯುತ್ತೇವೆ. ಇವುಗಳಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು; ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಅಪಾಯ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಅದರ ವಾಸನೆ ಮೂತ್ರವನ್ನೇ ನೆನಪಿಸುತ್ತದೆ. ಕಿಣ್ವವಿರುವ ಬಟ್ಟೆ ಸೋಪಿನ ಪುಡಿ ಬೆಚ್ಚನೆಯ ನೀರಿನಲ್ಲಿ ಕರಗಿಸಿ ಚೆನ್ನಾಗಿ ಉಜ್ಜಿ, ನೀರಿನಿಂದ ತೊಳೆದು ಒಣಗಿಸಿ, ಮೇಲೆ ಸರ್ಜಿಕಲ್ ಸ್ಪಿರಿಟ್ ಒರೆಸಿ. ಸ್ಪಿರಿಟ್ ಆರುವವರೆಗೆ ಬೆಕ್ಕು ಹತ್ತಿರ ಬರಕೂಡದು, ಒಲೆ ಉರಿಯುತ್ತಿರಕೂಡದು. ಬಣ್ಣ ಬಿಡುವ ಗೋಡೆಯಾದರೆ ಮೂಲೆಯಲ್ಲಿ ಪರೀಕ್ಷಿಸಿ ನೋಡಿ. ಅಕ್ಟೋಬರ್‌ನಲ್ಲಿ ಹಿಂಗಾರು ಹಿಡಿದು ಗಾಳಿ ತೇವವಾದಾಗ ಹೋಯಿತೆಂದುಕೊಂಡ ವಾಸನೆ ಮತ್ತೆ ಏಳಬಹುದು. ಇನ್ನೊಂದು ಸುತ್ತು ತೊಳೆಯಿರಿ.

ಕಿಟಕಿಯಾಚೆಯ ಗಡವ

ಇಷ್ಟಾದರೂ ನಿಲ್ಲಲಿಲ್ಲವೆಂದರೆ ಹೊರಗೆ ನೋಡಿ. ಮಳೆಗಾಲದಲ್ಲಿ ಬೀದಿಯ ಗಡವ ಬೆಕ್ಕುಗಳು ಪಾರ್ಕಿಂಗಿಗೆ ನುಗ್ಗುತ್ತವೆ, ಬಾಲ್ಕನಿ ಗ್ರಿಲ್ಲಿಗೆ ಗುರುತು ಹಾಕುತ್ತವೆ. ಒಳಗಿನದು ಉತ್ತರ ಕೊಡದೆ ಬಿಡುತ್ತದೆಯೇ? ಕಿಟಕಿಯ ಕೆಳಭಾಗಕ್ಕೆ ಹೊರಗಿನದು ಕಾಣದಂತೆ ಹಾಳೆ ಅಂಟಿಸಿ, ಗ್ರಿಲ್ ತೊಳೆಯಿರಿ. ಮನೆಯಲ್ಲಿ ಎರಡು ಬೆಕ್ಕಿದ್ದರೆ ಮೂರು ಟ್ರೇ ಇಡಿ, ಬೇರೆ ಬೇರೆ ಮೂಲೆಗಳಲ್ಲಿ.

ಚಾಳಿ ಬಿಡದ ಬೆಕ್ಕುಗಳು

ಎಳೆಯದರಲ್ಲೇ ಆಪರೇಷನ್ ಆದ ಗಂಡುಗಳಲ್ಲೂ ಸುಮಾರು ಶೇ 10, ಹೆಣ್ಣುಗಳಲ್ಲಿ ಶೇ 5ರಷ್ಟು ಹಾರಿಸುತ್ತವೆ ಎಂದು ಹಾರ್ಟ್ ಮತ್ತು ಕೂಪರ್ 1984ರಲ್ಲಿ ಬರೆದರು. ಇವಕ್ಕೆ ಹಾರ್ಮೋನಿಗಿಂತ ಆತಂಕ ಕಾರಣವಾಗಿರುವುದೇ ಹೆಚ್ಚು: ಹೊಸ ಮಗು, ಹೊಸ ಮನೆ, ಹೊಸ ಬೆಕ್ಕು. ಮೊಬೈಲಿನಲ್ಲಿ ವಿಡಿಯೊ ಮಾಡಿ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಎರಡು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ. ಅವರು ಮೂತ್ರಪರೀಕ್ಷೆ ಮಾಡಿ, ಬೇಕೆನಿಸಿದರೆ ಫ್ಲುಆಕ್ಸೆಟಿನ್‌ನಂಥ ಔಷಧಿ ಬರೆದುಕೊಡುತ್ತಾರೆ. ಅದರ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನೀವಾಗಿ ನಿಲ್ಲಿಸಬೇಡಿ.