ಡ್ರೈವ್ ಅಕ್ಷರ ಬದಲಿಸುವ ಮುಂಚೆ ಒಂದು ಮಾತು

ನೋಡಮ್ಮ, ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸನ್ನು ಅದರ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡದ್ದು ಒಳ್ಳೆಯ ಕೆಲಸ. ಅಷ್ಟು ಖರ್ಚಿನಲ್ಲಿ ಹಳೆಯ ಯಂತ್ರಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆದರೆ ನೀನು ಫೋನಿನಲ್ಲಿ ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲೇ ಉಳಿದಿದೆ. ಅಕ್ಷರಗಳೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿದಿವೆ ಅಂದೆಯಲ್ಲ. ಹಳೆಯ ವಿಂಡೋಸ್ ಇದ್ದ ಭಾಗ ಈಗ ಡಿ, ಅಪ್ಪನ ಲೆಕ್ಕಪತ್ರ ಇದ್ದ ಡಿ ಈಗ ಇ, ಅಮ್ಮನ ಫೋಟೊಗಳಿದ್ದ ಇ ಈಗ ಎಫ್. ಭಾನುವಾರ ಕೂತು ಎಲ್ಲ ಸರಿಮಾಡುತ್ತೇನೆ ಅಂದೆ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಒಂದು ಮಾತು ಕೇಳು, ಇದು ಭಾನುವಾರದವರೆಗೆ ಕಾಯುವಂಥದ್ದಲ್ಲ.

ಪ್ರತಿ ವಾರ ಬ್ಯಾಕಪ್ ತೆಗೆಯಲು ನಿಮ್ಮಣ್ಣ ಬರೆದುಕೊಟ್ಟ ಆ ಪುಟ್ಟ ಫೈಲ್ ಇದೆಯಲ್ಲ, ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ತೆರೆದು ಸಾಲು ಸಾಲಾಗಿ ಅಕ್ಷರ ಓಡುವುದು, ಅದನ್ನು ಸದ್ಯಕ್ಕೆ ಯಾರೂ ಒತ್ತಕೂಡದು. ಅಮ್ಮನಿಗೂ ಇವತ್ತೇ ಹೇಳಿಬಿಡು. ಅದರೊಳಗೆ ಇರುವುದು ರೋಬೊಕಾಪಿ ಆಜ್ಞೆ, ಅದೂ ಮಿರರ್ ಅನ್ನುವ ಬಗೆಯದು. ಇ ಡ್ರೈವಿನಲ್ಲಿ ಇರುವುದನ್ನೆಲ್ಲ ಎಫ್‌ಗೆ ನಕಲು ಮಾಡು, ಇ ಡ್ರೈವಿನಲ್ಲಿ ಇಲ್ಲದ್ದು ಎಫ್‌ನಲ್ಲಿದ್ದರೆ ಅಳಿಸಿಹಾಕು, ಅಂತ ಅದರ ಅರ್ಥ. ಆಗ ಇ ಅಂದರೆ ಅಮ್ಮನ ಫೋಟೊ, ಎಫ್ ಅಂದರೆ ಹೊರಗಿನಿಂದ ಜೋಡಿಸುವ ಬ್ಯಾಕಪ್ ಡಿಸ್ಕ್. ಈಗ? ಇ ಅಂದರೆ ಅಪ್ಪನ ಲೆಕ್ಕಪತ್ರ, ಎಫ್ ಅಂದರೆ ಅಮ್ಮನ ಫೋಟೊ. ಒಮ್ಮೆ ಒತ್ತಿದರೆ ಸಾಕು, ಫೋಟೊಗಳೆಲ್ಲ ಅಳಿದು ಅಲ್ಲಿ ಲೆಕ್ಕಪತ್ರದ ನಕಲು ಕೂತಿರುತ್ತದೆ. ಹಾಗೆ ಅಳಿದದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ನಿಮ್ಮಜ್ಜಿಯ ಎಂಬತ್ತನೆಯ ಹುಟ್ಟುಹಬ್ಬದ ಫೋಟೊಗಳೂ ಅದರಲ್ಲೇ ಇವೆ ಅನ್ನುವುದು ನನಗೆ ಗೊತ್ತು.

ಅಕ್ಷರ ಅನ್ನುವುದು ಡಿಸ್ಕಿನ ಮೈಮೇಲೆ ಎಲ್ಲೂ ಬರೆದಿರುವುದಿಲ್ಲ. ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಮೌಂಟೆಡ್ ಡಿವೈಸಸ್ ಅನ್ನುವ ಜಾಗದಲ್ಲಿ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ: ಇಂಥ ಗುರುತಿನ ಡಿಸ್ಕಿನ ಇಂಥ ಭಾಗಕ್ಕೆ ಇಂಥ ಅಕ್ಷರ. ನೀನು ವಿಂಡೋಸನ್ನು ಹೊಸದಾಗಿ ಹಾಕಿದಾಗ ಆ ಹಳೆಯ ಪಟ್ಟಿ ಹಳೆಯ ವಿಂಡೋಸಿನಲ್ಲೇ ಉಳಿಯಿತು. ಹೊಸದು ತನ್ನನ್ನು ತಾನು ಸಿ ಎಂದು ಕರೆದುಕೊಂಡು, ಉಳಿದವುಗಳಿಗೆ ಕಣ್ಣಿಗೆ ಬಿದ್ದ ಸಾಲಿನಲ್ಲಿ ಡಿ, ಇ, ಎಫ್ ಎಂದು ಹಂಚಿತು. ಒಳಗಿನ ಒಂದು ಫೈಲೂ ಅಲುಗಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಗೇಟಿನ ಮೇಲೆ ಹಳೆ ನಂಬರು, ಹೊಸ ನಂಬರು ಎಂದು ಎರಡನ್ನೂ ಬರೆದಿರುತ್ತಾರಲ್ಲ, ಹಾಗೆ. ನಂಬರು ಬದಲಾದರೂ ಮನೆ ಅದೇ, ಒಳಗಿನವರೂ ಅವರೇ. ತೊಂದರೆ ಆಗುವುದು ಹಳೆ ವಿಳಾಸ ಹಿಡಿದು ಬರುವವರಿಗೆ.

ಹಾರ್ಡ್ ಡಿಸ್ಕ್ ಸಿ ಇಂದಲೇ ಯಾಕೆ ಶುರು ಅಂತ ಕೇಳಿದ್ದೆ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ವ್ಯವಸ್ಥೆಯಲ್ಲಿ ಡ್ರೈವ್‌ಗಳಿಗೆ ಎ, ಬಿ ಎಂಬ ಹೆಸರು ಇದ್ದವು, ಡಾಸ್ ಅದನ್ನೇ ಎತ್ತಿಕೊಂಡಿತು. 1981ರ ಐಬಿಎಂ ಪಿಸಿಯಲ್ಲಿ ಎ ಮತ್ತು ಬಿ ಫ್ಲಾಪಿಗೆ ಮೀಸಲು. 1983ರಲ್ಲಿ ಬಂದ ಐಬಿಎಂ ಎಕ್ಸ್‌ಟಿಯೊಳಗೆ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು, ಅದಕ್ಕೆ ಮುಂದಿನ ಅಕ್ಷರ ಸಿಕ್ಕಿತು. ಫ್ಲಾಪಿ ಕಾಣೆಯಾಗಿ ಎಷ್ಟೋ ವರ್ಷವಾದರೂ ಸಿ ತನ್ನ ಜಾಗ ಬಿಟ್ಟಿಲ್ಲ.

ಈಗ ನಿನ್ನ ಕೆಲಸಕ್ಕೆ ಬರೋಣ. ಸುಮ್ಮನೆ ಚೆಂದಕ್ಕೆ, ಸಾಲಾಗಿ ಕಾಣಲಿ ಅಂತ ಅಕ್ಷರ ಬದಲಿಸುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ನಿನ್ನದು ಹಾಗಲ್ಲ. ಹಳೆಯ ಅಕ್ಷರವನ್ನು ನಂಬಿಕೊಂಡವು ನಿಮ್ಮ ಮನೆಯಲ್ಲಿ ತುಂಬ ಇವೆ, ಆದ್ದರಿಂದ ಹಳೆಯದಕ್ಕೆ ಮರಳಿಸುವುದೇ ಸರಿ. ಅಪ್ಪನ ಟ್ಯಾಲಿ ಲೆಕ್ಕಗಳು ಡಿ ಡ್ರೈವಿನ ಒಂದು ಫೋಲ್ಡರಿನಲ್ಲಿ ಇವೆ ಅಂತ ಟ್ಯಾಲಿಗೆ ಹೇಳಿಟ್ಟಿರುತ್ತಾರೆ. ಅಂಗಡಿಗಳ ಸ್ಟಾಕಿನ ಎಕ್ಸೆಲ್ ಹಾಳೆಗಳು ಒಂದರಿಂದ ಇನ್ನೊಂದಕ್ಕೆ ಮೊತ್ತ ಎಳೆದುಕೊಳ್ಳುತ್ತವೆ, ಆ ಕೊಂಡಿಗಳಲ್ಲೂ ಡಿ ಅಂತಲೇ ಇರುವುದು ಹೆಚ್ಚು. ಅಮ್ಮನ ಹಾಡುಗಳ ಪ್ಲೇಲಿಸ್ಟು, ತಮ್ಮನ ಗೇಮು, ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟುಗಳು, ಎಲ್ಲದರ ಕಥೆಯೂ ಅಷ್ಟೆ. ನೀನು ಹೊಸ ವಿಂಡೋಸ್ ಹಾಕಿದ ಮೇಲೆ ಈಗಿನ ಅಕ್ಷರಗಳನ್ನು ನೆಚ್ಚಿಕೊಂಡು ಏನನ್ನಾದರೂ ಇನ್‌ಸ್ಟಾಲ್ ಮಾಡಿದ್ದೀಯಾ, ಡಾಕ್ಯುಮೆಂಟ್ಸ್ ಫೋಲ್ಡರನ್ನು ಈಗಿನ ಇ ಡ್ರೈವಿಗೆ ಸಾಗಿಸಿದ್ದೀಯಾ, ಅದನ್ನಷ್ಟು ಯೋಚಿಸು. ಮಾಡಿದ್ದರೆ ಒಂದು ಹಾಳೆಯ ಮೇಲೆ ಬರೆದಿಟ್ಟುಕೋ. ಆಮೇಲೆ ಸರಿಪಡಿಸಬೇಕಾದವು ಅವು.

ದಿನವನ್ನೂ ನೋಡಿ ಆರಿಸು. ಅಪ್ಪ ಜಿಎಸ್‌ಟಿ ರಿಟರ್ನ್ ಹಾಕುವ 11ನೇ ತಾರೀಕು, 20ನೇ ತಾರೀಕುಗಳ ಹಿಂದುಮುಂದು ಬೇಡ. ಆ ದಿನಗಳಲ್ಲಿ ಟ್ಯಾಲಿ ಅರ್ಧ ಗಂಟೆ ತೆರೆಯದಿದ್ದರೂ ಮನೆಯಲ್ಲಿ ಊಟ ಸೇರುವುದಿಲ್ಲ. ಜೊತೆಗೆ, ಕೆಲಸ ಶುರು ಮಾಡುವ ಮುಂಚೆ ಅಮ್ಮನ ಫೋಟೊ ಮತ್ತು ಟ್ಯಾಲಿಯ ಡೇಟಾ ಫೋಲ್ಡರನ್ನು ಕೈಯಾರೆ, ಕಾಪಿ ಪೇಸ್ಟ್ ಮಾಡಿ, ಹೊರಗಿನ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಕಳಚಿ ಬೀರುವಿನಲ್ಲಿ ಇಡು. ಅಕ್ಷರ ಬದಲಿಸುವುದರಿಂದ ಏನೂ ಅಳಿಯುವುದಿಲ್ಲ ನಿಜ. ಆದರೂ ಇಡು ಅನ್ನುವುದಕ್ಕೆ ಕಾರಣ ಈಗ ಹೇಳುತ್ತೇನೆ.

ಸ್ಟಾರ್ಟ್ ಬಟನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆ. ಕೆಳಗಡೆ ಒಂದೊಂದು ಡಿಸ್ಕಿಗೆ ಒಂದೊಂದು ಪಟ್ಟಿ, ಅದರೊಳಗೆ ಪಾರ್ಟಿಶನ್‌ಗಳು ಚೌಕಚೌಕವಾಗಿ ಕಾಣುತ್ತವೆ. ಬೇಕಾದ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಒಂದು ಮೆನು ಬರುತ್ತದೆ. ನಿನಗೆ ಬೇಕಾದ್ದು ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್. ಅದರ ಕೆಳಗಿನ ಸಾಲಿನಲ್ಲೇ ಫಾರ್ಮ್ಯಾಟ್ ಇದೆ. ಇನ್ನೂ ಸ್ವಲ್ಪ ಕೆಳಗೆ ಡಿಲೀಟ್ ವಾಲ್ಯೂಮ್. ಮೌಸ್ ಕೂದಲೆಳೆಯಷ್ಟು ಜಾರಿದರೂ ಬೇರೆಯದೇ ಕಿಟಕಿ ತೆರೆಯುತ್ತದೆ. ಅವೂ ಒಮ್ಮೆ ಕೇಳಿಯೇ ಮುಂದುವರಿಯುತ್ತವೆ ಅನ್ನು, ಆದರೆ ಸುಸ್ತಾಗಿ ಕೂತವರ ಬೆರಳು ಓದುವ ಮೊದಲೇ ಯೆಸ್ ಒತ್ತಿಬಿಡುತ್ತದೆ. ಅದಕ್ಕೇ ರಾತ್ರಿ ಹೊತ್ತು, ನಿದ್ದೆಗಣ್ಣಿನಲ್ಲಿ ಈ ಕಿಟಕಿ ತೆರೆಯಬೇಡ. ತೆರೆದ ಮೇಲೂ ಬರೀ ಅಕ್ಷರ ನೋಡಿ ಪಾರ್ಟಿಶನ್ ಗುರುತಿಸಬೇಡ, ಗೊಂದಲವಾಗಿರುವುದೇ ಅದರಲ್ಲಿ. ಗಾತ್ರ ನೋಡು, ಲೇಬಲ್ ನೋಡು, ಮೆನುವಿನಲ್ಲಿ ಎಕ್ಸ್‌ಪ್ಲೋರ್ ಒತ್ತಿ ಒಳಗಿನ ಫೋಲ್ಡರುಗಳನ್ನು ಕಣ್ಣಾರೆ ನೋಡು.

ಒಂದು ಅಕ್ಷರ ಬೇರೆ ಯಾರ ಹತ್ತಿರವೋ ಇದ್ದರೆ ಅದು ಹೊಸ ಅಕ್ಷರ ಆರಿಸುವ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಹಾಗಾಗಿ ಮೊದಲು ಜಾಗ ಖಾಲಿ ಮಾಡಿಸಬೇಕು. ಹಳೆಯ ವಿಂಡೋಸಿನ ಭಾಗ ಈಗ ಡಿ ಆಗಿದೆಯಲ್ಲ, ಅದನ್ನು ಡಬ್ಲ್ಯೂ ಮಾಡು. ಡಿ ಖಾಲಿಯಾಯಿತು. ಈಗಿನ ಇ ಡ್ರೈವನ್ನು, ಅಂದರೆ ಲೆಕ್ಕಪತ್ರದ ಭಾಗವನ್ನು, ಡಿ ಮಾಡು. ಆಮೇಲೆ ಎಫ್ ಅನ್ನು ಇ ಮಾಡು. ಈ ಅನುಕ್ರಮ ತಪ್ಪಬಾರದು. ಪ್ರತಿ ಸಲವೂ ಅಕ್ಷರ ನಂಬಿಕೊಂಡ ಕೆಲವು ಪ್ರೋಗ್ರಾಮುಗಳು ಸರಿಯಾಗಿ ಓಡದಿರಬಹುದು ಅಂತ ಒಂದು ಎಚ್ಚರಿಕೆ ಬರುತ್ತದೆ, ಅದು ಮಾಮೂಲಿ, ಮುಂದುವರಿ. ಡ್ರೈವ್ ಬಳಕೆಯಲ್ಲಿದೆ ಎಂದರೆ ಟ್ಯಾಲಿಯೋ ಎಕ್ಸೆಲ್ಲೋ ಹಿನ್ನೆಲೆಯಲ್ಲಿ ತೆರೆದಿದೆ ಅಂತ. ಮುಚ್ಚಿ ಬಾ. ಎಲ್ಲ ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡು. ಅಕ್ಷರ ಬದಲಿಸುವ ಕಿಟಕಿಯಲ್ಲಿ ರಿಮೂವ್ ಅನ್ನುವ ಬಟನ್ನೂ ಇದೆ. ಕೈತಪ್ಪಿ ಅದನ್ನು ಒತ್ತಿದರೆ ಡ್ರೈವೇ ಕಾಣೆಯಾಯಿತು ಅಂತ ಗಾಬರಿಯಾಗಬೇಡ, ಅಕ್ಷರ ಮಾತ್ರ ಹೋಗಿರುತ್ತದೆ. ಅದೇ ಚೌಕಕ್ಕೆ ಆ್ಯಡ್ ಒತ್ತಿ ಅಕ್ಷರ ಕೊಟ್ಟರೆ ಎಲ್ಲವೂ ಇದ್ದಂತೆಯೇ ಬರುತ್ತದೆ.

ಹಳೆಯ ವಿಂಡೋಸಿನ ಭಾಗಕ್ಕೆ ಡಬ್ಲ್ಯೂ ಕೊಡಲು ಹೋದಾಗ ಇದು ಸಿಸ್ಟಂ ವಾಲ್ಯೂಮ್, ಬದಲಿಸಲಾಗದು ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ ನನಗೆ ಫೋನ್ ಮಾಡು. ಹಳೆಯ ಡಿಸ್ಕನ್ನು ಕಳಚದೆ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದಾಗ, ಯಂತ್ರ ಏಳುವುದಕ್ಕೆ ಬೇಕಾದ ಬೂಟ್ ಫೈಲುಗಳು ಕೆಲವೊಮ್ಮೆ ಹಳೆಯ ಡಿಸ್ಕಿನ ಮೇಲೇ ಕೂರುತ್ತವೆ. ಆ ಚೌಕದ ಕೆಳಗೆ ಸಿಸ್ಟಂ ಎಂದು ಬರೆದಿರುತ್ತದೆ. ಹಾಗಿದ್ದಲ್ಲಿ ಆ ಭಾಗವನ್ನು ಫಾರ್ಮ್ಯಾಟ್ ಮಾಡಿ ಜಾಗ ಉಳಿಸೋಣ ಅಂತ ಹೊರಟರೆ ಮಾರನೇ ದಿನ ಕಂಪ್ಯೂಟರ್ ಏಳುವುದೇ ಇಲ್ಲ. ಬೂಟ್ ಫೈಲುಗಳನ್ನು ಎಸ್‌ಎಸ್‌ಡಿಗೆ ಸಾಗಿಸಬಹುದು, ಅದು ನಾವಿಬ್ಬರೂ ಕೂತು ಮಾಡುವ ಕೆಲಸ.

ಸಿ ಡ್ರೈವಿನ ಅಕ್ಷರವನ್ನಂತೂ ಮುಟ್ಟುವ ಯೋಚನೆಯೇ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟ್ ಬಿಡುವುದೂ ಇಲ್ಲ. ರಿಜಿಸ್ಟ್ರಿಗೆ ಕೈಹಾಕಿ ಬದಲಿಸುವ ಉಪಾಯಗಳನ್ನು ಹೇಳುವವರು ಇದ್ದಾರೆ. ವಿಂಡೋಸಿನ ಒಳಗೆ ಸಾವಿರ ಕಡೆ ಸಿ ಅಂತಲೇ ಬರೆದಿರುವಾಗ ಆ ಉಪಾಯದಿಂದ ಬರುವ ಲಾಭವಾದರೂ ಏನು? ಹಾಗೆಯೇ ಅಕ್ಷರವೇ ಇಲ್ಲದ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ, ರಿಕವರಿ ಅಂತಲೋ ಇಎಫ್‌ಐ ಅಂತಲೋ. ಅವುಗಳಿಗೆ ಅಕ್ಷರ ಇಲ್ಲದಿರುವುದೇ ಕ್ಷೇಮ. 2018ರ ಏಪ್ರಿಲ್‌ನ ವಿಂಡೋಸ್ 10 ಅಪ್‌ಡೇಟ್ ಬಂದಾಗ ಕೆಲವು ಯಂತ್ರಗಳಲ್ಲಿ ರಿಕವರಿ ಭಾಗಕ್ಕೆ ಅಕ್ಷರ ಅಂಟಿಕೊಂಡು, ಡಿಸ್ಕ್ ತುಂಬಿದೆ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿತ್ತು. ಅಕ್ಷರ ತೆಗೆದ ಮೇಲೆ ಅದು ನಿಂತಿತು.

ಅಕ್ಷರಗಳೆಲ್ಲ ಹಳೆಯದಕ್ಕೆ ಮರಳಿದ ಮೇಲೆ ಟ್ಯಾಲಿ ತೆರೆದು ನೋಡು. ಡೇಟಾ ಫೋಲ್ಡರಿನ ದಾರಿ ಹಳೆಯದೇ ಆಗಿದ್ದರೆ ಕಂಪನಿಗಳೆಲ್ಲ ಪಟ್ಟಿಯಲ್ಲಿ ಕಾಣುತ್ತವೆ. ಕಾಣದಿದ್ದರೆ ಲೆಕ್ಕ ಹೋಯಿತು ಅಂದುಕೊಂಡು ಅಪ್ಪ ಹೊಸ ಕಂಪನಿ ಶುರುಮಾಡಿಬಿಟ್ಟಾರು, ಹುಷಾರು. ಸ್ಪೆಸಿಫೈ ಪಾತ್ ಒತ್ತಿ, ಒಳಗೆ ಬರೀ ಅಂಕಿಗಳ ಹೆಸರಿನ ಫೋಲ್ಡರುಗಳಿರುವ ಜಾಗ ತೋರಿಸಿದರೆ ಸಾಕು. ತಮ್ಮನ ಗೇಮುಗಳೂ ಹಾಗೆಯೇ, ಸ್ಟೀಮಿಗೆ ಹಳೆಯ ಲೈಬ್ರರಿ ಫೋಲ್ಡರ್ ತೋರಿಸಿದರೆ ಗುರುತು ಹಿಡಿಯುತ್ತದೆ, ಮತ್ತೆ ಡೌನ್‌ಲೋಡ್ ಮಾಡಿ ಡೇಟಾ ಪ್ಯಾಕ್ ಮುಗಿಸುವುದು ಬೇಡ.

ಇನ್ನು ಬ್ಯಾಕಪ್ ಡಿಸ್ಕ್. ಉಳಿದವನ್ನೆಲ್ಲ ಹಳೆಯ ಅಕ್ಷರಕ್ಕೆ ಮರಳಿಸು ಅಂದೆ, ಇದೊಂದಕ್ಕೆ ಮಾತ್ರ ಹೊಸದು ಕೊಡು. ಎಫ್ ಅನ್ನುವುದು ಬಾಗಿಲಲ್ಲೇ ನಿಂತ ಅಕ್ಷರ. ಡಿಸ್ಕ್ ಬೀರುವಿನಲ್ಲಿರುವಾಗ ಯಾರದೋ ಪೆನ್ ಡ್ರೈವ್, ಮದುವೆ ಫೋಟೊಗ್ರಾಫರ್ ಕೊಟ್ಟ ಮೆಮೊರಿ ಕಾರ್ಡ್, ಯಾವುದು ಮೊದಲು ಚುಚ್ಚಿದರೂ ಎಫ್ ಅದರದಾಗುತ್ತದೆ. ಅದಕ್ಕೆ ಕೊನೆಯ ಕಡೆಯ ಅಕ್ಷರ ಕೊಡು, ಎಕ್ಸ್ ಇರಲಿ. ಆ ಯಂತ್ರ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲವೂ ಎಕ್ಸ್ ಅಂತಲೇ ಕರೆಯುತ್ತದೆ. ಲೇಬಲ್ಲಿನಲ್ಲೂ ಹೆಸರು ಬರೆ. ಲೇಬಲ್ ಎಷ್ಟು ಸಲ ಬದಲಿಸಿದರೂ ಯಾವ ಪ್ರೋಗ್ರಾಮೂ ಸಾಮಾನ್ಯವಾಗಿ ಮುನಿಸಿಕೊಳ್ಳುವುದಿಲ್ಲ, ಎನ್‌ಟಿಎಫ್‌ಎಸ್ ಆಗಿದ್ದರೆ 32 ಅಕ್ಷರದವರೆಗೆ ಜಾಗವಿದೆ, ಅಮ್ಮನಿಗಾಗಿ ಕನ್ನಡದಲ್ಲೇ ಬರೆಯಬಹುದು. ಡಿಸ್ಕಿನ ಹೊರಮೈಗೆ ಒಂದು ಚೀಟಿಯನ್ನೂ ಅಂಟಿಸು.

ಅಣ್ಣನ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಎಫ್ ಡ್ರೈವ್ ಎಂದಿರುವಲ್ಲೆಲ್ಲ ಎಕ್ಸ್ ಮಾಡು. ಅಷ್ಟಕ್ಕೇ ಬಿಡಬೇಡ. ಬ್ಯಾಕಪ್ ಡಿಸ್ಕಿನಲ್ಲಿ ಒಂದು ಖಾಲಿ ಪಠ್ಯ ಫೈಲ್ ಇಟ್ಟು, ಮಿರರ್ ಅದನ್ನು ಅಳಿಸದಂತೆ ಆಜ್ಞೆಯಲ್ಲೇ ಹೊರಗಿಟ್ಟು, ನಕಲು ಶುರುವಾಗುವ ಮುಂಚಿನ ಸಾಲಿನಲ್ಲಿ ಆ ಫೈಲ್ ಕಾಣದಿದ್ದರೆ ನಿಲ್ಲಿಸು ಅಂತ ಸೇರಿಸಬೇಕು. ಅಮ್ಮನ ಫೋಟೊ ಡ್ರೈವಿನಲ್ಲೂ ಬೇರೆ ಹೆಸರಿನ ಅಂಥದೇ ಇನ್ನೊಂದು. ಎರಡೂ ಸರಿಯಾದ ಜಾಗದಲ್ಲಿ ಕಂಡರೆ ಮಾತ್ರ ನಕಲು ನಡೆಯುತ್ತದೆ, ಅಕ್ಷರಗಳು ಮತ್ತೆ ಎಂದಾದರೂ ಜರುಗಿದರೂ ಫೋಟೊಗಳಿಗೆ ಅಪಾಯವಿಲ್ಲ. ಎರಡೇ ಸಾಲು, ಅಣ್ಣನಿಗೆ ಹೇಳಿದರೆ ಫೋನಿನಲ್ಲೇ ಬರೆಸುತ್ತಾನೆ. ಮೊದಲ ಸಲ ಓಡಿಸುವಾಗ ಏನೇನು ಮಾಡುತ್ತೇನೆ ಎಂದು ಬರೀ ಪಟ್ಟಿ ತೋರಿಸುವ ಬಗೆಯೂ ರೋಬೊಕಾಪಿಯಲ್ಲಿದೆ. ಆಜ್ಞೆಯ ಕೊನೆಗೆ ಓರೆಗೆರೆ ಹಾಕಿ ಎಲ್ ಎಂಬ ಇಂಗ್ಲಿಷ್ ಅಕ್ಷರ ಸೇರಿಸು, ಪಟ್ಟಿ ಓದು, ಸರಿಯಿದ್ದರೆ ಅದನ್ನು ತೆಗೆದು ಓಡಿಸು.

ಇನ್ನೊಂದು, ಇದನ್ನು ಅಪ್ಪ ಅಮ್ಮ ಇಬ್ಬರಿಗೂ ಹೇಳಿಡು. ಎಂದಾದರೂ ಡಿಸ್ಕ್ ಜೋಡಿಸಿದಾಗ, ಬಳಸಬೇಕಾದರೆ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಅಂತ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಬೇಕು. ಅದು ಅಕ್ಷರದ ತೊಂದರೆಯಲ್ಲ, ಡಿಸ್ಕಿನ ಒಳಗಿನ ಬರಹ ವಿಂಡೋಸಿಗೆ ಓದಲಾಗುತ್ತಿಲ್ಲ ಅಂತ. ಕೇಬಲ್ ಸಡಿಲವಿರಬಹುದು, ಡಿಸ್ಕಿಗೇ ವಯಸ್ಸಾಗಿರಬಹುದು. ಒಳಗಿರುವುದನ್ನು ಅನೇಕ ಸಂದರ್ಭಗಳಲ್ಲಿ ಹೊರತೆಗೆಯಬಹುದು, ಫಾರ್ಮ್ಯಾಟ್ ಮಾಡಿದ ಮೇಲೆ ಅದೇ ಕೆಲಸ ಎಷ್ಟೋ ಕಷ್ಟ. ಡಿಸ್ಕನ್ನು ಕಳಚಿಟ್ಟು ನನಗೆ ಫೋನ್ ಮಾಡಲಿ, ಹೊತ್ತು ಎಷ್ಟಾಗಿದ್ದರೂ ಪರವಾಗಿಲ್ಲ.